ಬಿಟ್ಟು ಹತ್ತಿದ್ದಲ್ಲ, ಹತ್ತುತ್ತಾ ಬಿಟ್ಟಿದ್ದು

"ಮೊದಲು ಸಿಗರೇಟು ಬಿಡು ಗುರು, ಆಮೇಲೆ ಬೆಟ್ಟ ಹತ್ತು" ಅಂತ ನಮ್ಮ ಭಾನುವಾರದ ಗುಂಪು ನಕ್ಕಿತ್ತು. ನಾನು ಉಲ್ಟಾ ಮಾಡಿದೆ. ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ಈಗ 23 ನಿಮಿಷದ ಆಸುಪಾಸು. ನಕ್ಕವರಲ್ಲಿ ಇಬ್ಬರು ನಂದಿ ಹತ್ತಿರ ಕೂತು ಸುಧಾರಿಸಿಕೊಳ್ತಿರ್ತಾರೆ.

18 ವರ್ಷ, ದಿನಕ್ಕೆ ಹತ್ತು. ಒಂದೇ ಸಲ ಬಿಟ್ಟಿದ್ದು 11 ದಿನ ಬಾಳಿತು, ಗೆಳೆಯನ ಮದುವೆ ಮನೇಲಿ ಮುಗಿಯಿತು. ಆಮೇಲೆ ನಿಕೋಟಿನ್ ಗಮ್. ಎರಡು ಸಾವಿರದ ಮೇಲೆ ಸುರಿದೆ. ಕಾಫಿ ಹೀರಿದ ಬಾಯಲ್ಲೇ ಅಗೀತಿದ್ದೆ; ಕಾಫಿಯ ಹುಳಿಗೆ ನಿಕೋಟಿನ್ ಬಾಯಲ್ಲಿ ಸರಿಯಾಗಿ ಇಳಿಯೋದೇ ಇಲ್ಲ ಅಂತ ಮೆಡಿಕಲ್ ಶಾಪ್ ಹುಡುಗ ಹೇಳೋ ಹೊತ್ತಿಗೆ ದುಡ್ಡು ಹೋಗಿತ್ತು.

ಕೊನೆಗೆ ಹಿಡಿದದ್ದು ಇಷ್ಟೇ: ಬೆಳಗ್ಗೆ ಐದೂಮುಕ್ಕಾಲಿಗೆ ಮೆಟ್ಟಿಲು, ಇಳಿಯೋವರೆಗೂ ಸೇದಬಾರದು. ರಾತ್ರಿ ಒಂಬತ್ತರ ನಂತರವೂ ಇಲ್ಲ. ಹೊಗೆಯಿಂದ ರಕ್ತಕ್ಕೆ ಸೇರಿ ಆಮ್ಲಜನಕದ ಜಾಗ ಹಿಡಿಯೋ ಕಾರ್ಬನ್ ಮಾನಾಕ್ಸೈಡ್ ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತೆ, ಅಷ್ಟು ಜಾಗ ಆಮ್ಲಜನಕಕ್ಕೆ. ನಂಬಿಕೆ ಬರದೆ ಒಂದು ಶನಿವಾರ ಬೆಟ್ಟದ ಪಾದದಲ್ಲೇ ಎರಡು ಸೇದಿ ಹತ್ತಿದೆ. ನಂದಿ ಹತ್ತಿರ ನಾಡಿ 170ರ ಮೇಲೆ, ಒಟ್ಟು ನಾಲ್ಕು ನಿಮಿಷ ಜಾಸ್ತಿ. ವಾರಕ್ಕೆ ಅರ್ಧ ಗಂಟೆಯಂತೆ ಮೊದಲ ಸಿಗರೇಟನ್ನು ಮುಂದೆ ತಳ್ಳಿದೆ. ನಾಲ್ಕು ತಿಂಗಳಿಗೆ ದಿನದ ಹತ್ತು ಸಿಗರೇಟು ಮೂರಾಯ್ತು. ಆ ಮೂರನ್ನು ಹೇಗೆ ಬಿಟ್ಟೆ ಅನ್ನೋದನ್ನ ಜೊತೇಲಿ ಹತ್ತಿದವರಿಗೆ ಮಾತ್ರ ಹೇಳ್ತೀನಿ.

ಪೂರ್ತಿ ಬಿಟ್ಟ ಮೂರನೇ ವಾರ ಕೆಮ್ಮು ಕಡಿಮೆಯಾಗೋದು ಬಿಟ್ಟು ಹೆಚ್ಚಾಯ್ತು. ಬೆಳಗ್ಗೆ ವಾಶ್‌ಬೇಸಿನ್ ತುಂಬ ಕಂದು ಕಫ. ಹೆದರಿ ಡಾಕ್ಟರ ಹತ್ತಿರ ಓಡಿದೆ. ಶ್ವಾಸನಾಳದ ಸಣ್ಣ ಕೂದಲು ಮತ್ತೆ ಗುಡಿಸೋಕೆ ಶುರು ಮಾಡಿವೆ, ಅಷ್ಟೇ ಅಂದರು. ಎರಡು ತಿಂಗಳಲ್ಲಿ ನಿಂತಿತು.

ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಊದುವ ಪ್ಲಾಸ್ಟಿಕ್ ಡಬ್ಬಿಯನ್ನೂ ತಂದಿದ್ದೆ, ಮುನ್ನೂರೋ ಏನೋ. 'ಊದುವ' ಅಂತೀವಿ, ನಿಜಕ್ಕೂ ಉಸಿರು ಒಳಗೆ ಎಳೆಯೋದು. ಹತ್ತು ಸೇದುವ ಕಾಲದಲ್ಲೇ ಮೂರೂ ಚೆಂಡು ಮೇಲೆದ್ದವು! ಸೇದುವವನ ತೊಂದರೆ ಇರೋದು ಉಸಿರು ಬಿಡೋದರಲ್ಲಿ. ಅದೀಗ ಮಗಳ ಆಟಿಕೆ.

ಜೋರಾಗಿ ಊದಿಸಿ ಶ್ವಾಸಕೋಶ ಅಳೆಯೋ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ, ಮೊದಲ ಸೆಕೆಂಡಲ್ಲಿ ಹೊರಬಿಡೋ ಗಾಳಿಯ ಲೆಕ್ಕ 78% ಇದ್ದದ್ದು ಎರಡು ವರ್ಷಕ್ಕೆ 81 ಆಗಿದೆ, ಅಷ್ಟೇ. ಹೋದ ಶ್ವಾಸಕೋಶ ಪೂರ್ತಿ ವಾಪಸ್ ಬರಲ್ಲ, ಸವೆತದ ವೇಗ ತಗ್ಗುತ್ತೆ. ಬೆಟ್ಟ ಹತ್ತೋ ಹೊತ್ತು 40 ನಿಮಿಷದಿಂದ 23ಕ್ಕೆ ಇಳಿದದ್ದು ರಕ್ತ, ಹೃದಯ, ಕಾಲುಗಳ ಕೆಲಸ.

ತಿಂಗಳಿಗೆ ನಾಲ್ಕೂವರೆ ಸಾವಿರ ಉಳೀತಿದೆ. ಅದರಲ್ಲಿ ಒಂದು ಪಾಲು ಶೂಗೆ, ಇನ್ನೊಂದು ಮಂಡಿನೋವಿನ ಮುಲಾಮಿಗೆ. ಇಳಿಯೋದು ಮಾತ್ರ 201 ಬಸ್ಸಲ್ಲಿ.