ಹಿತ್ತಲಲ್ಲಿ ಅಪ್ಪ-ಅವ್ವನಿಗೊಂದು ಮನೆ: ಆಸ್ತಿ ತೆರಿಗೆಯಲ್ಲಿ ನನ್ನ ಅನುಭವ

ಒಂದೇ ಕಾಂಪೌಂಡಿನೊಳಗೆ ಮಗನ ಮನೆ ಒಂದು, ತಂದೆ-ತಾಯಿಯ ಮನೆ ಇನ್ನೊಂದು ಇದ್ದರೆ ಪಾಲಿಕೆಗೆ ಕಟ್ಟಬೇಕಾದ ತೆರಿಗೆ ಒಂದೋ, ಎರಡೋ? ಕಲಬುರಗಿಯಲ್ಲಿ ಈ ಪ್ರಶ್ನೆಯನ್ನು ನನ್ನ ಬಳಿ ಕೇಳುವವರು ಹೆಚ್ಚುತ್ತಿದ್ದಾರೆ. ಮಕ್ಕಳೆಲ್ಲ ಪಟ್ಟಣ ಸೇರಿದ ಮೇಲೆ ಹಳ್ಳಿಯಲ್ಲಿ ಉಳಿದ ಹಿರಿಯರನ್ನು ಕರೆತಂದು ಇರಿಸಿಕೊಂಡ ಮನೆಗಳು ಪ್ರತಿ ಬಡಾವಣೆಯಲ್ಲೂ ಇವೆ. ನಾನೂ ಸೇಡಂ ರಸ್ತೆಯ ಕಡೆಗಿರುವ ನನ್ನ ನಿವೇಶನದ ಹಿತ್ತಲಲ್ಲಿ ಅಪ್ಪ-ಅವ್ವನಿಗಾಗಿ ಪ್ರತ್ಯೇಕ ಮನೆ ಕಟ್ಟಿಸಿದ್ದೇನೆ, ಅದಕ್ಕೆ ವರ್ಷವರ್ಷ ತೆರಿಗೆ ಕಟ್ಟುತ್ತಿದ್ದೇನೆ. ಆ ಲೆಕ್ಕ ಹೇಗೆ ಕೂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೇ ಅವರಿಗೊಂದು ಕೋಣೆ ಬಿಟ್ಟುಕೊಟ್ಟಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಆದರೆ ಅವ್ವನಿಗೆ ತನ್ನದೇ ಅಡುಗೆಮನೆ ಬೇಕಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಜೋಳದ ರೊಟ್ಟಿ ಬಡಿಯುವ ಕೈ ಅದು. ಇನ್ನೊಬ್ಬರು ಏಳುವುದನ್ನು ಕಾಯುತ್ತ ಕೂರುವಂಥದ್ದಲ್ಲ. ಹಾಗಾಗಿ ಎರಡು ಕೋಣೆ, ಅಡುಗೆಮನೆ, ಬಚ್ಚಲು, ಪಕ್ಕದ ಓಣಿಯ ಕಡೆಗೆ ತನ್ನದೇ ಬಾಗಿಲು. ಹೊರಗೋಡೆಯಿಂದ ಹೊರಗೋಡೆಗೆ 22 ಅಡಿ ಉದ್ದ, 18 ಅಡಿ ಅಗಲ, ಅಂದರೆ 396 ಚದರ ಅಡಿ. ಹೊಸ್ತಿಲು ಇರಿಸಲಿಲ್ಲ. ನೆಲಕ್ಕೆ ಶಹಾಬಾದ್ ಫರ್ಸಿ ಹಾಸಿಸಿದೆ, ಆದರೆ ಪಾಲಿಶ್ ಮಾಡಿಸಲಿಲ್ಲ. ಒದ್ದೆ ಕಾಲು ಜಾರಬಾರದು. ಬಚ್ಚಲಿನ ಗೋಡೆಗೆ ಅಪ್ಪನ ಸೊಂಟದ ಎತ್ತರಕ್ಕೆ ಕಬ್ಬಿಣದ ಹಿಡಿಕೆ ಹಾಕಿಸಿದೆ.

ಇಂಥ ಮನೆಯನ್ನು ನಮ್ಮ ತೆರಿಗೆ ಕಾನೂನು ಹೇಗೆ ನೋಡುತ್ತದೆ? ಕಲಬುರಗಿ ಮಹಾನಗರ ಪಾಲಿಕೆಗೆ ಅನ್ವಯವಾಗುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ಯಾದಗಿರಿಯಂಥ ನಗರಸಭೆಯ ಊರುಗಳಿಗೆ 1964ರ ಪುರಸಭೆಗಳ ಕಾಯ್ದೆ. ಎರಡರಲ್ಲೂ ಪದ್ಧತಿ ಸ್ವಯಂ ಘೋಷಣೆಯದು: ಮಾಲೀಕನೇ ತನ್ನ ಆಸ್ತಿಯ ವಿವರ ಬರೆದು, ಲೆಕ್ಕ ಹಾಕಿ, ಹಣ ಕಟ್ಟಬೇಕು. ನಮೂನೆ ಕೇಳುವ ಪ್ರಶ್ನೆಗಳನ್ನು ಗಮನಿಸಿ. ನಿವೇಶನದ ಅಳತೆ ಎಷ್ಟು, ಕಟ್ಟಿದ ವಿಸ್ತೀರ್ಣ ಎಷ್ಟು, ಚಾವಣಿ ಆರ್‌ಸಿಸಿಯೋ ತಗಡೋ, ಕಟ್ಟಿದ ವರ್ಷ ಯಾವುದು, ಬಳಕೆ ವಾಸಕ್ಕೋ ವ್ಯಾಪಾರಕ್ಕೋ. ಜಾಗದ ಬೆಲೆಗೆ ಆಧಾರ, ಮುದ್ರಾಂಕ ಕಾಯ್ದೆಯ ಪ್ರಕಾರ ಸರ್ಕಾರ ಪ್ರಕಟಿಸುವ ಮಾರ್ಗಸೂಚಿ ಬೆಲೆ. ಒಳಗೆ ವಾಸಿಸುವವರು ತಾಯಿಯೋ, ತಮ್ಮನೋ, ಬಾಡಿಗೆಯವರೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಡುಗೆಮನೆ ಬೇರೆ ಇದೆಯೇ ಎಂದೂ ಕೇಳುವುದಿಲ್ಲ. ಇಲ್ಲಿ ತೆರಿಗೆ ಬೀಳುವುದು ಕಟ್ಟಡದ ಮೇಲೆ; ಕುಟುಂಬದ ಸಂಬಂಧಕ್ಕೆ ಅದರಲ್ಲಿ ಜಾಗವಿಲ್ಲ. ಇದೊಂದನ್ನು ಮನಸ್ಸಿನಲ್ಲಿ ಇರಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಇದು ಎಲ್ಲೆಡೆಯ ಪದ್ಧತಿಯೇನಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲೂ ಇಂಥದೇ ಹಿಂಬದಿಯ ಮನೆಯಿದೆ. ಅಲ್ಲಿ ಸ್ಥಳೀಯ ಆಡಳಿತ ಮನೆಗಳ ಮೇಲೆ ಹಾಕುವ ಕೌನ್ಸಿಲ್ ತೆರಿಗೆಯಲ್ಲಿ ಅಡುಗೆ, ಸ್ನಾನ, ಮಲಗುವ ವ್ಯವಸ್ಥೆ ಎಲ್ಲವೂ ಒಳಗೇ ಇದ್ದು ಪ್ರತ್ಯೇಕವಾಗಿ ಬಾಳಲು ಬರುವಂತಿದ್ದರೆ ಆ ಭಾಗವನ್ನು ಬೇರೆಯೇ ಮನೆ ಎಂದು ಎಣಿಸಿ, ಅದಕ್ಕೆ ಬೆಲೆಗೆ ತಕ್ಕ ಬೇರೆ ತೆರಿಗೆ ಶ್ರೇಣಿ ಕೊಡುತ್ತಾರೆ. ಆ ಶ್ರೇಣಿಗಳಿಗೆ ಇಂದಿಗೂ 1991ರ ಏಪ್ರಿಲ್ 1ರ ಬೆಲೆಯೇ ಆಧಾರ. ಆದರೆ ಅಲ್ಲಿ ವಾಸಿಸುವವರು 65 ವರ್ಷ ದಾಟಿದ ಅಥವಾ ತೀವ್ರ ಅಂಗವೈಕಲ್ಯವಿರುವ ಅವಲಂಬಿತ ಬಂಧುವಾಗಿದ್ದರೆ ಆ ಭಾಗದ ತೆರಿಗೆ ಪೂರ್ತಿ ಮಾಫಿ. ಅಷ್ಟು ವಯಸ್ಸಾಗದ ಮನೆಮಂದಿ ಇದ್ದರೂ 2014ರ ಏಪ್ರಿಲ್‌ನಿಂದ ಅರ್ಧದಷ್ಟು ರಿಯಾಯಿತಿ ಇದೆ. ಅಂದರೆ ಅಲ್ಲಿ ಮೊದಲು ಎರಡು ಮನೆ ಎಂದು ಬೇರ್ಪಡಿಸುತ್ತಾರೆ, ಆಮೇಲೆ ಒಳಗಿರುವವರು ಯಾರೆಂದು ಕೇಳಿ ತೆರಿಗೆ ಬಿಡುತ್ತಾರೆ. ನಮ್ಮಲ್ಲಿ ಬೇರ್ಪಡಿಸುವುದೂ ಇಲ್ಲ, ಕೇಳುವುದೂ ಇಲ್ಲ.

ಬೇರ್ಪಡಿಸದೆ ಇರುವುದು ನಮಗೆ ಅನುಕೂಲವೇ. ಮನೆ ಕಟ್ಟುವಾಗ ಓಣಿಯ ಹಿರಿಯರೊಬ್ಬರು, ‘ಎರಡು ಖಾತಾ ಮಾಡಿಸಿಬಿಡು, ಮುಂದೆ ಒಳ್ಳೆಯದು’ ಎಂದು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ನನ್ನದು 40×60ರ ನಿವೇಶನ. ಅದನ್ನು ಎರಡಾಗಿ ಒಡೆಯಬೇಕೆಂದರೆ ಗೋಡೆ ಎಬ್ಬಿಸಿದರೆ ಸಾಲದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೆಯ ಪ್ರಕರಣದಂತೆ ನಗರಾಭಿವೃದ್ಧಿ ಪ್ರಾಧಿಕಾರದಿಂದ ಉಪವಿಭಜನೆಗೆ ಮಂಜೂರಾತಿ ಪಡೆಯಬೇಕು. ಒಡೆದ ಪ್ರತಿ ತುಂಡಿಗೂ ಸುತ್ತ ಬಿಡಬೇಕಾದ ಖಾಲಿ ಜಾಗದ ನಿಯಮ ಹೊಸದಾಗಿ ಲಾಗುವಾಗುತ್ತದೆ, ದಾರಿ ತೋರಿಸಬೇಕಾಗುತ್ತದೆ. ತುಂಡು ಎರಡಾದರೆ ಕಸ ವಿಲೇವಾರಿ ಶುಲ್ಕವೂ ಎರಡು ಕಡೆ. ಇಷ್ಟೆಲ್ಲ ಮಾಡಿ ಉಳಿಯುವುದೇನು? ಒಂದೇ ಖಾತಾದಲ್ಲಿದ್ದರೆ ನಿವೇಶನದ ಬೆಲೆ ಹೇಗೂ ಒಮ್ಮೆ ಲೆಕ್ಕಕ್ಕೆ ಬಂದಿರುತ್ತದೆ. ಹಿತ್ತಲ ಮನೆಯಿಂದ ಹೆಚ್ಚಾಗುವುದು ಆ 396 ಚದರ ಅಡಿ ಕಟ್ಟಡದ ಬೆಲೆಯ ಮೇಲಿನ ತೆರಿಗೆ ಮಾತ್ರ.

ಆ ಕಟ್ಟಡವನ್ನು ನಮೂನೆಯಲ್ಲಿ ಹೇಗೆ ತೋರಿಸುತ್ತೀರಿ ಎಂಬಲ್ಲಿ ನಿಜವಾದ ಜಾಣತನ ಬೇಕು. ನನ್ನ ಮುಂದಿನ ಮನೆ ಹಳೆಯದು. ತೆರಿಗೆಯ ಲೆಕ್ಕದಲ್ಲಿ ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಹಿತ್ತಲ ಮನೆ ಹೊಸದು, ಅದಕ್ಕೆ ಸವಕಳಿ ಆರಂಭವಾಗುವುದೇ ಈಗ. ಎರಡರ ವಿಸ್ತೀರ್ಣವನ್ನೂ ಕೂಡಿಸಿ ಒಂದೇ ಸಾಲಿನಲ್ಲಿ ಬರೆದು, ಕಟ್ಟಿದ ವರ್ಷದ ಕಡೆ ಹೊಸ ವರ್ಷ ಹಾಕಿದರೆ ಹಳೆಯ ಮನೆಯೂ ದಾಖಲೆಯಲ್ಲಿ ಹೊಸದಾಗಿಬಿಡುತ್ತದೆ. ಇಷ್ಟು ವರ್ಷ ಸಿಗುತ್ತಿದ್ದ ಕಡಿತ ಕೈತಪ್ಪುತ್ತದೆ. ಹಳೆಯ ವರ್ಷ ಹಾಕಿದರೆ ಅದು ಸುಳ್ಳು ಘೋಷಣೆ. ಆದ್ದರಿಂದ ಎರಡು ಬೇರೆ ಸಾಲು: ಮೊದಲನೆಯದರಲ್ಲಿ ಹಳೆಯ ಮನೆ, ಅದರ ವರ್ಷ, ಅದರ ವಿಸ್ತೀರ್ಣ; ಎರಡನೆಯದರಲ್ಲಿ ಹಿತ್ತಲ ಮನೆ, ಅದರ ವರ್ಷ, ಅದರ ವಿಸ್ತೀರ್ಣ. ಎರಡಕ್ಕೂ ಬಳಕೆ ‘ವಾಸ’. ಚಾವಣಿಯ ವರ್ಗವೂ ಹೀಗೆಯೇ. ಮುಂದೆ ಆರ್‌ಸಿಸಿ, ಹಿಂದೆ ತಗಡು ಇದ್ದರೆ ತಗಡಿಗೆ ಆರ್‌ಸಿಸಿ ದರ ತೆರಬೇಕಾದ ಕಾರಣವಿಲ್ಲ.

ಅಳತೆಯ ಬಗ್ಗೆಯೂ ಹೇಳಬೇಕು. ಪಾಲಿಕೆಯ ಕರ ವಸೂಲಿಗಾರರು ಟೇಪ್ ಹಿಡಿದು ಬಂದಾಗ ಇನ್ನೊಂದು ತುದಿಯನ್ನು ನಾನೇ ಹಿಡಿದೆ. ಒಳಗಿನ ಕೋಣೆಯ ಅಳತೆ ಲೆಕ್ಕಕ್ಕಿಲ್ಲ; ಗೋಡೆಯ ದಪ್ಪವೂ ಸೇರುತ್ತದೆ. ಎರಡು ಮನೆಗಳ ನಡುವಿನ ಅಂಗಳವನ್ನು ನಾನು ತೆರೆದೇ ಬಿಟ್ಟಿದ್ದೇನೆ. ಬಿಸಿಲು ತಡೆಯಲೆಂದು ಅದಕ್ಕೂ ತಗಡು ಹೊದಿಸುವ ಯೋಚನೆ ಇತ್ತು. ಮೇ ತಿಂಗಳ ಕಲಬುರಗಿಯ ಬಿಸಿಲು ಗೊತ್ತಿದ್ದವರು ಆ ಆಸೆಯನ್ನು ತಪ್ಪೆನ್ನಲಾರರು. ಆದರೆ ಶಾಶ್ವತ ಚಾವಣಿ ಬಿದ್ದ ಜಾಗ ಕಟ್ಟಿದ ವಿಸ್ತೀರ್ಣಕ್ಕೆ ಸೇರುತ್ತದೆ, ಪರವಾನಗಿಯ ನಕ್ಷೆಯನ್ನೂ ಮೀರುತ್ತದೆ. ಬದಲಿಗೆ ಬೇವಿನ ಗಿಡ ನೆಟ್ಟೆವು. ಅದು ಬೆಳೆದು ನೆರಳು ಕೊಡುವವರೆಗೆ ಬೇಸಿಗೆಯಲ್ಲಿ ಬಟ್ಟೆಯ ಪರದೆ ಕಟ್ಟಿ, ಮಳೆಗಾಲಕ್ಕೆ ಬಿಚ್ಚುತ್ತೇವೆ.

ಪರವಾನಗಿಯ ವಿಷಯದಲ್ಲಿ ನಾನು ಯಾರಿಗೂ ಸಡಿಲ ಸಲಹೆ ಕೊಡುವುದಿಲ್ಲ. ‘ಹಿತ್ತಲಲ್ಲವೇ, ಯಾರಿಗೆ ಕಾಣುತ್ತದೆ, ಸಾಮಾನಿನ ಕೋಣೆ ಎಂದು ಹೇಳಿದರಾಯಿತು’ ಎನ್ನುವವರು ಎಲ್ಲ ಓಣಿಯಲ್ಲೂ ಇದ್ದಾರೆ. ಪರವಾನಗಿ ಇಲ್ಲದೆ ಕಟ್ಟಿದ ಕಟ್ಟಡಕ್ಕೆ ತೆರಿಗೆಯ ಎರಡು ಪಟ್ಟು ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಆ ದಂಡ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವೂ ಆಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಎಪ್ಪತ್ತು ದಾಟಿದ ತಂದೆ-ತಾಯಿಯನ್ನು ನಾಳೆ ನೋಟಿಸ್ ಬರಬಹುದಾದ ಮನೆಯಲ್ಲಿ ಕೂರಿಸಬಾರದು. ನಾನು ಮೊದಲು ನಕ್ಷೆ ಮಾಡಿಸಿ, ಈಗಿರುವ ಮನೆಗೆ ಹೆಚ್ಚುವರಿ ಕಟ್ಟಡ ಎಂದೇ ಅರ್ಜಿ ಹಾಕಿ, ಪರವಾನಗಿ ಕೈಗೆ ಬಂದ ಮೇಲೆ ಪಾಯ ತೆಗೆಸಿದೆ. ಮನೆ ಮುಗಿದ ಮೇಲೆ ಪರವಾನಗಿ ಪ್ರತಿ, ನಕ್ಷೆ, ಹಿಂದಿನ ತೆರಿಗೆ ರಸೀದಿ, ಖಾತಾ ಉತಾರ, ಎರಡೂ ಮನೆಗಳು ಒಂದೇ ಚೌಕಟ್ಟಿನಲ್ಲಿ ಕಾಣುವ ಫೋಟೊ ಲಗತ್ತಿಸಿ ತಿದ್ದುಪಡಿಗೆ ಕೊಟ್ಟೆ. ಉತಾರದಲ್ಲಿ ಎರಡನೆಯ ಕಟ್ಟಡ ನಮೂದಾಗಿದೆಯೇ ಎಂದು ಕಣ್ಣಾರೆ ನೋಡಿಯೇ ಹೊರಬನ್ನಿ.

ಮೊತ್ತದ ಮೇಲೆ ಉಪಕರಗಳು ಬೀಳುತ್ತವೆ. ತೆರಿಗೆ 1000 ರೂಪಾಯಿ ಎಂದಿಟ್ಟುಕೊಳ್ಳಿ: ಆರೋಗ್ಯ ಉಪಕರ 150, ಗ್ರಂಥಾಲಯ ಉಪಕರ 60, ಭಿಕ್ಷುಕರ ಉಪಕರ 30. ಈ ಮೂರೇ 240 ಆದವು. ಏಪ್ರಿಲ್‌ನಲ್ಲಿ ಇಡೀ ವರ್ಷದ ತೆರಿಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇಕಡಾ 2 ದಂಡ. ನಾನು ಏಪ್ರಿಲ್ ಬಿಡುವುದಿಲ್ಲ.

ವಿದ್ಯುತ್ ಮೀಟರಿಗೂ ಖಾತಾಕ್ಕೂ ಗಂಟು ಹಾಕುವವರಿದ್ದಾರೆ. ಎರಡನೆಯ ಮೀಟರ್ ಬೇಕೆಂದರೆ ಎರಡನೆಯ ಖಾತಾ ಬೇಕು ಎಂದು ನನಗೂ ಹೇಳಿದ್ದರು. ಆದರೆ ಅಡುಗೆಮನೆ ಬೇರೆ, ಬಾಗಿಲು ಬೇರೆ ಇದ್ದ ಕಾರಣ, ಎರಡನೆಯ ಕಟ್ಟಡ ನಮೂದಾಗಿದ್ದ ಅದೇ ಉತಾರ ಮತ್ತು ತೆರಿಗೆ ರಸೀದಿ ತೋರಿಸಿ ಜೆಸ್ಕಾಂನಿಂದ ಇನ್ನೊಂದು ಮೀಟರ್ ಪಡೆದೆ. ತೆರಿಗೆ ಪ್ರಾಮಾಣಿಕವಾಗಿ ಘೋಷಿಸಿದ್ದು ಅಲ್ಲಿ ಕೈ ಹಿಡಿಯಿತು. ನಳ ಮಾತ್ರ ಒಂದೇ ಸಾಕೆಂದು ಬಿಟ್ಟೆ. ಇಬ್ಬರು ಹಿರಿಯರ ಬಳಕೆಗೆ ಮತ್ತೊಂದು ನೀರಿನ ಬಿಲ್ ಬೇಡ.

ಇನ್ನು ಮನೆಯೊಳಗಿನ ಲೆಕ್ಕ. ಹಿತ್ತಲ ಮನೆಗೆ ಅಪ್ಪನ ಪಿಂಚಣಿಯ ಹಣವೂ ಸೇರಿದೆ, ನಿವೇಶನ ಮಾತ್ರ ನನ್ನ ಹೆಸರಿನಲ್ಲಿದೆ. ಖಾತಾ ಎನ್ನುವುದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬುದರ ದಾಖಲೆ. ಅದೇ ಒಡೆತನದ ಪತ್ರವಲ್ಲ, ಯಾರ ಹಣ ಎಷ್ಟು ಸೇರಿತು ಎಂದು ಅದು ಹೇಳುವುದೂ ಇಲ್ಲ. ಅದಕ್ಕಾಗಿ ನನ್ನ ಇಬ್ಬರು ತಂಗಿಯರನ್ನು ಕೂರಿಸಿಕೊಂಡು, ಅಪ್ಪ ಕೊಟ್ಟ ಮೊತ್ತವನ್ನು ಬರೆದು, ಎಲ್ಲರೂ ಸಹಿ ಮಾಡಿದೆವು. ತಂದೆಯ ಹೆಸರಿನ ನಿವೇಶನದಲ್ಲಿ ಮಗ ಮನೆ ಕಟ್ಟಿಸಿ, ‘ತೆರಿಗೆ ನಾನೇ ಕಟ್ಟುತ್ತೇನಲ್ಲ, ಜಾಗ ನನ್ನ ಹೆಸರಿಗೆ ದಾನಪತ್ರ ಮಾಡಿಕೊಡಿ’ ಎಂದು ಕೇಳುವುದನ್ನೂ ನೋಡಿದ್ದೇನೆ. ಅಂಥ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ತೆರಿಗೆ ಯಾರು ಕಟ್ಟಿದರೂ ರಸೀದಿ ನಿಮ್ಮ ಹೆಸರಿಗೇ ಬರುತ್ತದೆ, ಅದಕ್ಕಾಗಿ ಆಸ್ತಿ ಬರೆದುಕೊಡಬೇಕಾಗಿಲ್ಲ. ಬರೆದುಕೊಡುವುದೇ ಆದರೆ ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಪ್ರಕರಣದಡಿ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು.

ಹಿತ್ತಲ ಮನೆ ಮುಂದೆ ಖಾಲಿಯಾಗಿ ಅಲ್ಲೊಂದು ಅಂಗಡಿ ಅಥವಾ ಕಚೇರಿ ಬಂದರೆ ಆ ಸಾಲಿನ ಬಳಕೆಯನ್ನು ‘ವಾಣಿಜ್ಯ’ ಎಂದು ಬದಲಿಸಿ ಹೆಚ್ಚಿನ ದರ ಕಟ್ಟಬೇಕು. ಸಾಲು ಬೇರೆಯಿದ್ದರೆ ಮುಂದಿನ ಮನೆಗೆ ಅದರ ಬಿಸಿ ತಟ್ಟುವುದಿಲ್ಲ.

ಒಂದು ವಿಷಯ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. 1976ರ ಕಾಯ್ದೆಯ 110ನೆಯ ಪ್ರಕರಣದಲ್ಲಿ ವಿನಾಯಿತಿಗಳ ಪಟ್ಟಿಯಿದೆ. ಪೂಜಾ ಸ್ಥಳಗಳು ಅದರಲ್ಲಿವೆ. ಆದರೆ ವಯಸ್ಸಾದ ತಂದೆ-ತಾಯಿಗೆಂದೇ ಮಗನೋ ಮಗಳೋ ಕಟ್ಟಿಸಿದ ಎರಡು ಕೋಣೆಗೆ ಅದರಲ್ಲಿ ಸ್ಥಾನವಿಲ್ಲ. ಇದು ಪಾಲಿಕೆ ತಾನಾಗಿ ಕೊಡಬಹುದಾದ ರಿಯಾಯಿತಿಯಲ್ಲ, ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತರಬೇಕು. ಹಾಗಾಗಿ ವಾರ್ಡಿನ ಮಟ್ಟದಲ್ಲಿ ಕೇಳದೆ ನೇರವಾಗಿ ನಮ್ಮ ಶಾಸಕರಿಗೆ ಮನವಿ ಬರೆದೆ. ಕೇಳಿದ್ದು ದೊಡ್ಡದೇನಲ್ಲ: ಒಂದೇ ಖಾತಾದೊಳಗೆ 500 ಚದರ ಅಡಿ ಮೀರದ ಎರಡನೆಯ ವಾಸದ ಕಟ್ಟಡದಲ್ಲಿ 65 ದಾಟಿದ ಅಥವಾ ಅಂಗವಿಕಲ ಬಂಧು ಇದ್ದರೆ, ಆ ಕಟ್ಟಡದ ತೆರಿಗೆಯಲ್ಲಿ ಅರ್ಧ ಬಿಡಿ, ಆಧಾರ್ ವಿಳಾಸವನ್ನೇ ಪುರಾವೆಯಾಗಿ ಒಪ್ಪಿ. ಅದೇ ಮನವಿಯ ಪ್ರತಿಗೆ ನಮ್ಮ ಬಡಾವಣೆಯಲ್ಲಿ ಇಂಥ ಮನೆಗಳಿರುವವರ ಸಹಿ ಸಂಗ್ರಹಿಸುತ್ತಿದ್ದೇನೆ. ಬೀದರ್, ಯಾದಗಿರಿಯವರೂ ತಮ್ಮ ಶಾಸಕರಿಗೆ ಬರೆಯಲಿ; ಅಲ್ಲಿ ಯಾವ ಕಾಯ್ದೆ ಅನ್ವಯವಾಗುತ್ತದೋ ಅದರ ಹೆಸರು ಹಾಕಿದರಾಯಿತು, ಉಳಿದ ಮಾತು ಒಂದೇ.