ಹಕ್ಕಿ ನೋಡುವ ಬೈನಾಕ್ಯುಲರ್: 8 ಪಟ್ಟು ಸಾಕೇ, 10 ಬೇಕೇ?

8×42 ಎಂದರೆ ಹಕ್ಕಿ 8 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಮಸೂರದ ಅಡ್ಡಳತೆ 42 ಮಿ.ಮೀ. ಮೊದಲ ಸಲ ಕೊಳ್ಳುವವರು ಇದನ್ನೇ ತೆಗೆದುಕೊಳ್ಳಿ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ ಅಷ್ಟು ಮಿ.ಮೀ. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ದಾಂಡೇಲಿಯಂಥ ದಟ್ಟ ಕಾಡಿನ ಮುಂಜಾವಿನ ಮಬ್ಬಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. 10×ನಲ್ಲಿ ನೋಟದ ಹರವೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಎಲೆಗಳ ನಡುವೆ ಕುಪ್ಪಳಿಸುವ ಉಲಿಯಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿರುತ್ತದೆ. ಕೈನಡುಕವೂ 10 ಪಟ್ಟು!

ಕೆರೆಯಾಚೆಯ ಬಾತು, ಬಯಲಿನ ಗಿಡುಗಗಳೇ ಮುಖ್ಯವಾದರೆ 10 ಸರಿ. 12 ಆದರೆ ಟ್ರೈಪಾಡ್ ಬೇಕು. ಅಗ್ಗದ ಜೂಮ್ ಮಾದರಿ ಬೇಡವೇ ಬೇಡ.

ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ನೋಟ ಕಾಣುವಂತೆ ಹಿಂದಿನ ಮಸೂರದಿಂದ ಕಣ್ಣು ಇರಬಹುದಾದ ದೂರ) 15 ಮಿ.ಮೀ.ಗಿಂತ ಹೆಚ್ಚಿದೆಯೇ ನೋಡಿ, ಐಕಪ್ (ಕಣ್ಣಿಡುವ ಕಡೆಯ ಬಳೆಯಂಥ ಅಂಚು) ಒಳಗೆ ತಿರುಗಿಸಿಕೊಳ್ಳಿ. ಇಲ್ಲದಿದ್ದರೆ ನೋಟದ ಅಂಚು ಕತ್ತರಿಸಿದಂತೆ ಕಾಣುತ್ತದೆ.