ವಾರ್ಡಿನ ಸಹಾಯಕರಿಗೆ ಹಾಸಿಗೆಯ ಪಕ್ಕದಲ್ಲೇ ಕಲಿಸುವ ಬಗೆ

ಆಯಾ, ವಾರ್ಡ್ ಬಾಯ್, ಅಟೆಂಡರ್ ಎಂದು ನಾವು ಕರೆಯುವ ಸಹಾಯಕರು ದಿನವೊಂದಕ್ಕೆ ರೋಗಿಯ ಮೈ ಮುಟ್ಟುವಷ್ಟು ಸಲ ವೈದ್ಯರಾಗಲಿ ಸಿಸ್ಟರ್‌ಗಳಾಗಲಿ ಮುಟ್ಟುವುದಿಲ್ಲ. ಆದರೂ ಹೊಸಬರು ಬಂದ ದಿನವೇ ಕೈಗೆ ಬೆಡ್‌ಪ್ಯಾನ್ ಕೊಟ್ಟು ಕಳುಹಿಸುವ ರೂಢಿ ಅನೇಕ ಕಡೆ ಇದೆ. ಇನ್‌ಚಾರ್ಜ್ ಸಿಸ್ಟರ್ ಮೊದಲ ವಾರವಾದರೂ ಅವರನ್ನು ಅನುಭವಸ್ಥರ ಜೊತೆಗೇ ಡ್ಯೂಟಿಗೆ ಹಾಕಬೇಕು.

ಮೊದಲ ಪಾಠ ಕೈ ತೊಳೆಯುವುದು. ಸೋಪು, ನೀರಾದರೆ 40ರಿಂದ 60 ಸೆಕೆಂಡು, ಹ್ಯಾಂಡ್‌ರಬ್ (ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರವ) ಆದರೆ 20ರಿಂದ 30 ಸೆಕೆಂಡು ಬೇಕು. ನಿಮ್ಮೆದುರೇ ತೊಳೆಯಲು ಹೇಳಿ. ಹೆಬ್ಬೆರಳು ಮತ್ತು ಬೆರಳ ತುದಿಗಳೇ ಹೆಚ್ಚಾಗಿ ಬಿಟ್ಟುಹೋಗುವುದು ಆಗ ಕಾಣುತ್ತದೆ. ಬಳೆ, ಉಂಗುರ ತೆಗೆದಿಡಬೇಕೆಂಬ ಮಾತನ್ನು ಎಲ್ಲರೆದುರು ಎತ್ತದೆ ಒಬ್ಬರೇ ಇದ್ದಾಗ ಹೇಳುವುದು ಒಳ್ಳೆಯದು.

ಹೆಚ್ಚು ಸಮಯ ಕೊಡಬೇಕಾದದ್ದು ರೋಗಿಯ ಮಗ್ಗುಲು ಬದಲಿಸುವ ಕೆಲಸಕ್ಕೆ. ಖಾಲಿ ಹಾಸಿಗೆಯ ಮೇಲೆ ಕಲಿಯುವವರನ್ನೇ ಅರ್ಧ ಗಂಟೆ ಅಲುಗಾಡದೆ ಮಲಗಿಸಿ ನೋಡಿ: ಎರಡು ಗಂಟೆಗೊಮ್ಮೆ ಹೊರಳಿಸಬೇಕೆನ್ನುವುದು ಏಕೆಂದು ಹಿಮ್ಮಡಿ ಮತ್ತು ಬೆನ್ನಿನ ಕೆಳತುದಿ ತಾವಾಗಿಯೇ ಹೇಳಿಕೊಡುತ್ತವೆ. ರೋಗಿಯನ್ನು ಎಳೆದರೆ ಚರ್ಮ ತರಚುವುದಲ್ಲದೆ ಒಳಗಿನ ಮಾಂಸಕ್ಕೂ ಪೆಟ್ಟಾಗುವುದರಿಂದ, ಇಬ್ಬರು ಎದುರುಬದುರು ನಿಂತು ಅಡ್ಡ ಹಾಸಿದ ಬಟ್ಟೆಯನ್ನು ಹಿಡಿದು ಎತ್ತಿ ಸರಿಸಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚದಿದ್ದರೆ ಒಂದೇ ಕಡೆ ಒತ್ತಡ ಬಿದ್ದು ಆಗುವ ಹಾಸಿಗೆ ಹುಣ್ಣಿನ ಆರಂಭವೆಂದು ತಿಳಿದು, ಅಲ್ಲಿ ತಿಕ್ಕದೆ ಸಿಸ್ಟರ್‌ಗೆ ಹೇಳಬೇಕು. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಮುಟ್ಟಿ ನೋಡುವುದನ್ನೂ ಕಲಿಸಬೇಕು.

ಕಸದ ವಿಷಯದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸ್ಪಷ್ಟವಾಗಿವೆ: ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ತರಬೇತಿ, ಜೊತೆಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ. ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಬಳಸಿದ ಪ್ಲಾಸ್ಟಿಕ್ ಕೊಳವೆ ಕೆಂಪು ಚೀಲಕ್ಕೆ, ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ ಸೇರಬೇಕು. ಸೂಜಿ ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರು ಮಾಡಬೇಕಾಗುತ್ತದೆ. ಬೈಗುಳಕ್ಕೆ ಹೆದರಿ ಮುಚ್ಚಿಡುವಂಥ ವಾತಾವರಣವಿದ್ದರೆ ಆ ತಪ್ಪು ನಮ್ಮದೇ.

ಇಂಜೆಕ್ಷನ್, ಔಷಧ, ಡ್ರಿಪ್‌ನ ವೇಗ ಇವು ಅವರ ಕೆಲಸವಲ್ಲ. ರಾತ್ರಿ ಪಾಳಿಯಲ್ಲಿ ಕೈ ಸಾಲದಾಗ "ಸ್ವಲ್ಪ ಡ್ರಿಪ್ ನೋಡಿಕೋ" ಎನ್ನುವವರು ನಾವೇ ಆದ್ದರಿಂದ, ಈ ಪಾಠ ಸಿಸ್ಟರ್‌ಗಳಿಗೂ ಬೇಕು.

"ಐದನೇ ಬೆಡ್ಡಿನ ಅಜ್ಜ ಯಾಕೋ ಸರಿಯಿಲ್ಲ ಸಿಸ್ಟರ್" ಎಂದು ಆಯಾ ಬಂದು ಹೇಳಿದರೆ ತಳ್ಳಿಹಾಕಬೇಡಿ. ಊಟ ಮಾಡಿದರೇ, ಮೂತ್ರ ಹೋಯಿತೇ, ಮಾತು ತೊದಲುತ್ತಿದೆಯೇ, ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಕೇಳಿ, ಅವರೊಂದಿಗೇ ಹೋಗಿ ನೋಡಿ. ಮುಂದಿನ ಸಲ ಅವರು ಇವನ್ನೆಲ್ಲ ಗಮನಿಸಿಯೇ ಬರುತ್ತಾರೆ.

ಮೂರು ತಿಂಗಳ ಬಳಿಕ ಬರವಣಿಗೆಯ ಪರೀಕ್ಷೆ ಬೇಡ. ಹಾಸಿಗೆಯ ಬಳಿ ಮಾಡಿ ತೋರಿಸಲಿ. ಚೆನ್ನಾಗಿ ಮಾಡುವವರಿಗೆ ಜನರಲ್ ಡ್ಯೂಟಿ ಅಸಿಸ್ಟೆಂಟ್ (ರೋಗಿಗಳ ಆರೈಕೆಯ ಸಹಾಯಕರ) ಕೋರ್ಸಿನ ಮಾಹಿತಿ ಕೊಟ್ಟು, ಮುಂದೆ ಬರುವ ಹೊಸಬರನ್ನು ಅವರ ಜೊತೆಗೇ ಡ್ಯೂಟಿಗೆ ಹಾಕಿ.